ಮೂತ್ರ ಕಟ್ಟಿದ್ದ ಬೆಕ್ಕಿಗೆ ಯಾವ ಆಹಾರ ಹಾಕಬೇಕು?

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ ನಾಲ್ಕು ವರ್ಷ, ತೂಕ ಐದೂವರೆ ಕಿಲೋ, ಸಂತಾನಹರಣ ಆಪರೇಷನ್ ಆಗಿದೆ. ಎರಡು ತಿಂಗಳ ಹಿಂದೆ ಮೂತ್ರ ಕಟ್ಟಿ ಕ್ಯಾಥೆಟರ್ ಹಾಕಿಸಬೇಕಾಯಿತು. ಮೂತ್ರ ಪರೀಕ್ಷೆಯಲ್ಲಿ ಸ್ಟ್ರುವೈಟ್ (ಮೆಗ್ನೀಸಿಯಂ, ರಂಜಕ ಸೇರಿ ಕಟ್ಟುವ ಬಗೆಯ) ಹರಳು ಎಂದು ಬಂದಿದೆ. ಡಾಕ್ಟರು ಯುರಿನರಿ ಫುಡ್ ಬರೆದುಕೊಟ್ಟರು. ಅದು ದುಬಾರಿ ಅಂತ ಅರ್ಧ ಅದು, ಅರ್ಧ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಡ್ರೈ ಫುಡ್ ಕಲಸಿ ಹಾಕುತ್ತಿದ್ದೇವೆ, ರಾತ್ರಿ ರೊಟ್ಟಿ-ಹಾಲು. ನಮ್ಮದು ಸಸ್ಯಾಹಾರಿ ಮನೆ. ತೊಂದರೆ ಮರುಕಳಿಸದಂತೆ ಯಾವ ಆಹಾರ ಒಳ್ಳೆಯದು? ಬೋರ್‌ವೆಲ್ ನೀರು ಕುಡಿದದ್ದೇ ಕಾರಣವೇ? ಏಳು ತಿಂಗಳ ಹೆಣ್ಣು ಮರಿಯೂ ಒಂದಿದೆ, ಅದಕ್ಕೂ ಇದನ್ನೇ ಹಾಕಬಹುದೇ? (ಓದುಗರು, ವಿಜಯಪುರ)

ಉತ್ತರ: ಮೊದಲು ಆ ಅರ್ಧಂಬರ್ಧ ಕಲಸುವುದನ್ನು ನಿಲ್ಲಿಸಿ. ಡಾಕ್ಟರು ಬರೆದುಕೊಟ್ಟ ಯುರಿನರಿ ಆಹಾರದಲ್ಲಿ ಪ್ರತ್ಯೇಕ ಔಷಧಿ ಏನೂ ಇರುವುದಿಲ್ಲ. ಅದರ ಒಟ್ಟು ಮಿಶ್ರಣವೇ ಔಷಧಿ. ಮೆಗ್ನೀಸಿಯಂ ಮತ್ತು ರಂಜಕ ಹಿಡಿತದಲ್ಲಿರುತ್ತವೆ, ಮೂತ್ರ ತುಸು ಆಮ್ಲೀಯವಾಗಿ ಉಳಿಯುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ, ಬೆಕ್ಕು ಹೆಚ್ಚು ನೀರು ಕುಡಿಯಲೆಂದು ಕೆಲವು ಕಂಪನಿಗಳು ಸ್ವಲ್ಪ ಉಪ್ಪನ್ನೂ ಸೇರಿಸುತ್ತವೆ. ಅದಕ್ಕೆ ಅಷ್ಟೇ ಪ್ರಮಾಣದ ಬೇರೆ ಡ್ರೈ ಫುಡ್ ಕಾಳು, ಮೇಲೆ ರೊಟ್ಟಿ-ಹಾಲು ಸೇರಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ದುಬಾರಿ ಚೀಲದ ಹಣ ಖರ್ಚಾಗುತ್ತದೆ, ಅದರ ಫಲ ಸಿಗುವುದಿಲ್ಲ. ಬೇರೆ ತಿನಿಸು ಏನೇ ಇದ್ದರೂ ದಿನದ ಕ್ಯಾಲೊರಿಯ ಶೇ. 10ರೊಳಗೆ ಇರಬೇಕು.

ಆಹಾರದ ಮಾತಿಗೆ ಹೋಗುವ ಮುನ್ನ ಒಂದು ಎಚ್ಚರಿಕೆ. ಒಮ್ಮೆ ಕಟ್ಟಿದ ಗಂಡು ಬೆಕ್ಕಿಗೆ ಮೊದಲ ಕೆಲವು ತಿಂಗಳಲ್ಲಿ ಮತ್ತೆ ಕಟ್ಟುವ ಸಂಭವ ಹೆಚ್ಚು. ಮತ್ತೆಮತ್ತೆ ಉಸುಕಿನ ಟ್ರೇಗೆ ಹೋಗಿ ತಿಣುಕುವುದು, ಹನಿಯಷ್ಟೇ ಬರುವುದು ಅಥವಾ ಏನೂ ಬಾರದಿರುವುದು, ಕೂಗುವುದು, ಮೂತ್ರದ ಜಾಗ ನೆಕ್ಕುತ್ತಲೇ ಇರುವುದು, ವಾಂತಿ: ಇವು ಕಂಡರೆ ಮಲಬದ್ಧತೆ ಇರಬೇಕು ಅಂದುಕೊಂಡು ಎಣ್ಣೆ ಕುಡಿಸುತ್ತ ಕೂರಬೇಡಿ, ಹೊಟ್ಟೆ ಒತ್ತಿ ನೋಡಬೇಡಿ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಎರಡು-ಮೂರು ದಿನದೊಳಗೆ ಪ್ರಾಣ ಹೋಗಬಹುದು. ಆ ಹೊತ್ತಿಗೆ ಯಾವ ಆಹಾರವೂ ಚಿಕಿತ್ಸೆಯಲ್ಲ. ರಾತ್ರಿಯಾದರೂ ಸರಿ, ಕ್ಯಾಥೆಟರ್ ಹಾಕಬಲ್ಲ ಆಸ್ಪತ್ರೆಗೆ ಒಯ್ಯಬೇಕು. ಅಂಥ ಆಸ್ಪತ್ರೆ ನಿಮ್ಮೂರಲ್ಲಿ ಯಾವುದು, ರಾತ್ರಿ ಯಾರು ಸಿಗುತ್ತಾರೆ, ಇಲ್ಲವಾದರೆ ಸೊಲ್ಲಾಪುರವೋ ಬೆಳಗಾವಿಯೋ ಎಂಬುದನ್ನು ಈಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನು ನಿಮ್ಮ ರಿಪೋರ್ಟಿನ ಬಗ್ಗೆ. ಸೂಕ್ಷ್ಮದರ್ಶಕದಲ್ಲಿ ಕಂಡ ಹರಳು ಬೇರೆ, ಮೂತ್ರಕೋಶದಲ್ಲಿ ಕಟ್ಟಿದ ಕಲ್ಲು ಬೇರೆ. ಆರೋಗ್ಯವಂತ ಬೆಕ್ಕಿನ ಮೂತ್ರದಲ್ಲೂ ಒಂದಿಷ್ಟು ಹರಳು ಕಾಣುವುದುಂಟು. ಸ್ಯಾಂಪಲ್ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಅಥವಾ ಲ್ಯಾಬಿನಲ್ಲಿ ಗಂಟೆಗಟ್ಟಲೆ ಸರದಿ ಕಾದಿದ್ದರೆ ಮೈಯೊಳಗೆ ಇಲ್ಲದ ಹರಳೂ ಬಾಟಲಿಯಲ್ಲಿ ಹುಟ್ಟುತ್ತದೆ. ಮೂತ್ರವನ್ನು ಒಂದು ಗಂಟೆಯೊಳಗೆ ನೋಡಿದ್ದರೆ ಮಾತ್ರ ಆ ರಿಪೋರ್ಟಿಗೆ ತೂಕ. ನಮ್ಮ ಕಡೆ ಎಷ್ಟೋ ಸಲ ಸ್ಯಾಂಪಲ್ ಮನುಷ್ಯರ ಲ್ಯಾಬಿಗೆ ಹೋಗುವುದರಿಂದ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಜತೆಗೆ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಮಾಡಿಸಿ. ಏಕೆಂದರೆ ಯಾವ ಆಹಾರ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಸ್ಟ್ರುವೈಟ್ ಕಲ್ಲು ಆಹಾರದಿಂದಲೇ ಕರಗುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗುವುದಿಲ್ಲ, ತೆಗೆಸಬೇಕು. ಮೂರನೆಯದು, ಪ್ರಾಯದ ಬೆಕ್ಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು, ಕಲ್ಲೂ ಇಲ್ಲದೆ ಸೋಂಕೂ ಇಲ್ಲದೆ ಮೂತ್ರಕೋಶ ಉರಿಯೂತಕ್ಕೆ ಒಳಗಾಗುವ ಸ್ಥಿತಿ. ಇದಕ್ಕೆ ಒತ್ತಡದ ಪಾಲು ದೊಡ್ಡದು. ಆ ಉರಿಯೂತದ ಲೋಳೆಯ ಜತೆ ಸ್ಟ್ರುವೈಟ್ ಹರಳು ಸೇರಿ ಬಿರಡೆಯಾಗಿ ಗಂಡು ಬೆಕ್ಕಿನ ಸಣ್ಣ ಮೂತ್ರನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಬೆಕ್ಕಿಗೆ ಆದದ್ದು ಬಹುಶಃ ಇದು. ಚಿಕ್ಕ ಪ್ರಾಯದ ಬೆಕ್ಕಿನಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ, ಹಾಗಾಗಿ ಪ್ರತಿ ಸಲ ಆಂಟಿಬಯಾಟಿಕ್ ಕೋರ್ಸ್ ಹಾಕಿಸುವುದರಿಂದ ಉಪಯೋಗ ಕಡಿಮೆ.

ಮೂರೂ ಸ್ಥಿತಿಗೆ ಒಪ್ಪುವ ಉಪಾಯ ಒಂದಿದೆ. ಮೂತ್ರವನ್ನು ತೆಳುವಾಗಿಡುವುದು. ಬ್ರ್ಯಾಂಡಿನ ಚರ್ಚೆಗಿಂತ ಇದೇ ಮುಖ್ಯ, ಮತ್ತು ಇದಕ್ಕೆ ಲೆಕ್ಕ ಹಾಕಲು ಬರುತ್ತದೆ.

ಬೆಕ್ಕಿಗೆ ದಿನಕ್ಕೆ ಕಿಲೋಗೆ ಸುಮಾರು 50 ಮಿಲಿ ನೀರು ಬೇಕು, ಆಹಾರದೊಳಗಿನದೂ ಸೇರಿ. ನಿಮ್ಮ ಬೆಕ್ಕಿಗೆ 275 ಮಿಲಿ ಅಂದುಕೊಳ್ಳಿ. ಐದೂವರೆ ಕಿಲೋ ಎಂದರೆ ಮೈ ಹೆಚ್ಚಾಗಿದೆ. ಸಾಮಾನ್ಯ ನಾಡಬೆಕ್ಕಿಗೆ ನಾಲ್ಕೂವರೆ ಇದ್ದರೆ ಸಾಕು. ಮನೆಯೊಳಗೇ ಇರುವ, ಆಪರೇಷನ್ ಆದ ಆ ಗಾತ್ರದ ಬೆಕ್ಕಿಗೆ ದಿನಕ್ಕೆ 220 ಕಿಲೋ ಕ್ಯಾಲೊರಿ ಆಸುಪಾಸು ಸಾಕಾಗುತ್ತದೆ. ಅಷ್ಟನ್ನೂ ಡ್ರೈ ಫುಡ್‌ನಿಂದ ಕೊಟ್ಟರೆ 58 ಗ್ರಾಂ ಕಾಳು, ಅದರಲ್ಲಿರುವ ನೀರು 5-6 ಮಿಲಿ. ಉಳಿದದ್ದನ್ನು ಬೆಕ್ಕು ಬಟ್ಟಲಿನಿಂದ ಕುಡಿಯಬೇಕು. ಕುಡಿಯುತ್ತದೆ, ಆದರೆ ಸಾಕಷ್ಟಲ್ಲ. ಮರುಭೂಮಿಯ ಮೂಲದ ಪ್ರಾಣಿ ಅದು. ಬಾಯಾರಿಕೆ ನಿಧಾನ, ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವುದೇ ಅದರ ಮೈಯ ರೂಢಿ. ಅದೇ 220 ಕ್ಯಾಲೊರಿಯನ್ನು ತೇವದ ಆಹಾರದ 85 ಗ್ರಾಮಿನ ಪೌಚ್‌ಗಳಿಂದ ಕೊಟ್ಟರೆ, ಒಂದರಲ್ಲಿ 75 ಕ್ಯಾಲೊರಿ ಇದ್ದಲ್ಲಿ ದಿನಕ್ಕೆ ಮೂರು ಪೌಚ್. ಅದರಲ್ಲೇ 200 ಮಿಲಿ ನೀರು ಹೊಟ್ಟೆಗೆ ಹೋಯಿತು. ಪ್ರತಿ ಪೌಚಿಗೆ ಎರಡು ದೊಡ್ಡ ಚಮಚ (30 ಮಿಲಿ) ನೀರು ಕಲಸಿದರೆ 290. ಬಟ್ಟಲಿನ ನೀರು ಮುಟ್ಟದಿದ್ದರೂ ಚಿಂತೆಯಿಲ್ಲ.

ಆದ್ದರಿಂದ ನಿಮ್ಮ ಬೆಕ್ಕಿಗೆ ನಾನು ಹೇಳುವುದು ಹೀಗೆ. ಮುಂದಿನ ಎರಡು-ಮೂರು ತಿಂಗಳು ಡಾಕ್ಟರು ಬರೆದ ಯುರಿನರಿ ಆಹಾರವೊಂದೇ, ಸಾಧ್ಯವಾದಷ್ಟು ಪೌಚ್ ರೂಪದಲ್ಲಿ. ಪೂರ್ತಿ ಪೌಚ್ ಕೈಗೆಟುಕದಿದ್ದರೆ ಅದೇ ಯುರಿನರಿ ಆಹಾರದ ಡ್ರೈ 30 ಗ್ರಾಂ, ಪೌಚ್ ಒಂದೂವರೆ. ಅದೂ ಆಗದಿದ್ದರೆ ಡ್ರೈ ಮಾತ್ರ, ಆದರೆ ನೆನೆಸಿ: 55 ಗ್ರಾಂ ಕಾಳಿಗೆ ದಿನವಿಡೀ ಸೇರಿ 110 ಮಿಲಿ ಉಗುರುಬೆಚ್ಚನೆ ನೀರು, ಮೂರು ಹೊತ್ತಿಗೆ ಹಂಚಿ, ಪ್ರತಿ ಸಲ ಹತ್ತು-ಹದಿನೈದು ನಿಮಿಷ ನೆನೆಸಿ ಇಡಿ. ನೆನೆಸಿದ್ದು ಬೇಗ ಹುಳಿಯುತ್ತದೆ, ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ. ಆಮೇಲೆ ಎಕ್ಸ್‌ರೇ, ಮೂತ್ರ ಎರಡೂ ಚೆನ್ನಾಗಿದ್ದು ಡಾಕ್ಟರು ಒಪ್ಪಿದರೆ ಸಾಮಾನ್ಯ ಆದರೆ ಪೂರ್ಣ ಪೋಷಕಾಂಶವಿರುವ ಪೌಚ್‌ಗೆ ಇಳಿಯಬಹುದು. ನೀರು ಕಲಸಿದ ಸಾಮಾನ್ಯ ಪೌಚ್, ಅರೆಬರೆ ಕೊಡುವ ದುಬಾರಿ ಡ್ರೈ ಫುಡ್‌ಗಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಕೊಳ್ಳುವಾಗ ಹೆಸರಿನಲ್ಲಿ ಮೋಸ ಹೋಗುವುದು ಸುಲಭ. ರಾಯಲ್ ಕ್ಯಾನಿನ್‌ನಲ್ಲಿ 'ಯುರಿನರಿ ಎಸ್/ಒ' ಎಂಬುದು ಚಿಕಿತ್ಸೆಯ ಆಹಾರ. 'ಯುರಿನರಿ ಕೇರ್' ಎಂಬುದು ತೊಂದರೆ ಇಲ್ಲದ ಬೆಕ್ಕಿಗಾಗಿ ಮಾಡಿದ್ದು. ಅಂಗಡಿಯವರು ಎರಡನೆಯದನ್ನು "ಅದೇ ರೀ" ಎಂದು ಕೈಗಿಡಬಹುದು. ಹಿಲ್ಸ್‌ನ 'ಎಸ್/ಡಿ' ಕಲ್ಲು ಕರಗಿಸಲು, 'ಸಿ/ಡಿ' ಕರಗಿಸಲೂ ಆಯಿತು, ಮುಂದೆ ದೀರ್ಘಕಾಲಕ್ಕೂ ಆಯಿತು. ಫಾರ್ಮಿನಾದ ವೆಟ್ ಲೈಫ್‌ನಲ್ಲೂ 'ಸ್ಟ್ರುವೈಟ್' ಮತ್ತು 'ಸ್ಟ್ರುವೈಟ್ ಮ್ಯಾನೇಜ್‌ಮೆಂಟ್' ಎಂದು ಎರಡಿವೆ: ಮೊದಲನೆಯದು ಕರಗಿಸುವ ಅಲ್ಪಾವಧಿಗೆ, ಎರಡನೆಯದು ಮರುಕಳಿಸದಿರಲು. ಚೀಟಿಯಲ್ಲಿ ಇರುವ ಪೂರ್ತಿ ಹೆಸರನ್ನೇ ಹೇಳಿ ತರಿಸಿ. ಇವುಗಳ ಮೇಲೆ ಮೂತ್ರ ಹುಳಿಮಾಡುವ ಮೆಥಿಯೋನಿನ್, ಅಮೋನಿಯಂ ಕ್ಲೋರೈಡ್‌ನಂಥ ಪುಡಿ ಸೇರಿಸಬಾರದು. ಹುಳಿ ಅತಿಯಾದರೆ ಸ್ಟ್ರುವೈಟ್ ಹೋಗಿ ಆಕ್ಸಲೇಟ್ ಬರುತ್ತದೆ. 1980ರ ದಶಕದಲ್ಲಿ ಕಂಪನಿಗಳೆಲ್ಲ ಸ್ಟ್ರುವೈಟ್‌ಗೆ ಹೆದರಿ ಮೆಗ್ನೀಸಿಯಂ ಇಳಿಸಿ ಆಮ್ಲೀಯತೆ ಏರಿಸಿದ ಬಳಿಕ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಗೆ ಬರುತ್ತಿದ್ದ ಬೆಕ್ಕಿನ ಕಲ್ಲುಗಳಲ್ಲಿ ಆಕ್ಸಲೇಟಿನ ಪಾಲು ಏರುತ್ತ ಹೋಗಿ 1990ರ ದಶಕದಲ್ಲಿ ಸ್ಟ್ರುವೈಟನ್ನೇ ಹಿಂದೆ ಹಾಕಿತು. ಈಗ ಮರುಕಳಿಕೆ ತಡೆಯುವ ಆಹಾರಕ್ಕೆ ಇಟ್ಟುಕೊಳ್ಳುವ ಗುರಿ ಮೂತ್ರದ ಪಿಎಚ್ (ಆಮ್ಲ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.2ರಿಂದ 6.4ರ ಆಸುಪಾಸು, ಅದಕ್ಕಿಂತ ತೀರ ಕೆಳಗಲ್ಲ.

ಸಾಮಾನ್ಯ ಪೌಚ್ ಆರಿಸುವಾಗ ಹಿಂಬದಿ ನೋಡಿ. ಮುಂಬದಿಯ ಮೀನಿನ ಚಿತ್ರ, 'ಗ್ರೇನ್ ಫ್ರೀ', 'ನ್ಯಾಚುರಲ್' ಇವಕ್ಕೂ ಮೂತ್ರಕ್ಕೂ ಸಂಬಂಧವಿಲ್ಲ. ಹುಡುಕಬೇಕಾದದ್ದು ವಯಸ್ಕ ಬೆಕ್ಕಿಗೆ 'ಕಂಪ್ಲೀಟ್' ಎಂಬ ಮಾತು. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಬಾಯಿರುಚಿಯ ತಿನಿಸು, ಊಟವಲ್ಲ. ಗ್ರೇವಿಯಲ್ಲಿ ಮೀನಿನ ತುಂಡಿರುವ ಎಷ್ಟೋ ಡಬ್ಬಿಗಳು, ಕಡ್ಡಿಯಂಥ ಪೊಟ್ಟಣದ ಕ್ರೀಮಿ ಟ್ರೀಟ್‌ಗಳು ಈ ಗುಂಪಿನವು. ಆಮೇಲೆ ತೇವಾಂಶ ಕಳೆದು ಹೋಲಿಸಿ. ಡ್ರೈ ಫುಡ್‌ನಲ್ಲಿ ಪ್ರೊಟೀನ್ ಶೇ. 32, ತೇವಾಂಶ 10 ಎಂದಿದ್ದರೆ 32ನ್ನು 90ರಿಂದ ಭಾಗಿಸಿ, ಶೇ. 35.6. ಪೌಚ್‌ನಲ್ಲಿ ಪ್ರೊಟೀನ್ 9, ತೇವಾಂಶ 82 ಎಂದಿದ್ದರೆ 9ನ್ನು 18ರಿಂದ ಭಾಗಿಸಿದಾಗ ಶೇ. 50. ಅಂದರೆ ಕಡಿಮೆ ಕಂಡ ಪೌಚ್‌ನಲ್ಲೇ ಪ್ರೊಟೀನ್ ಹೆಚ್ಚು. ಮೆಗ್ನೀಸಿಯಂಗೂ ಇದೇ ಲೆಕ್ಕ, ಅಲ್ಲಿ ಫಲಿತಾಂಶ ಉಲ್ಟಾ ಹೊಡೆಯಬಹುದು: ಪೌಚ್ ಮೇಲೆ 0.02 ಎಂದಿದ್ದದ್ದು ತೇವಾಂಶ ಕಳೆದಾಗ 0.11 ಆಗುತ್ತದೆ. ಸ್ಟ್ರುವೈಟ್ ಬಂದಿದ್ದ ಬೆಕ್ಕಿಗೆ ಈ ಅಂಕಿ 0.1 ದಾಟದಿರುವುದು ಒಳ್ಳೆಯದು. ಬಹಳಷ್ಟು ಪ್ಯಾಕೆಟ್‌ಗಳ ಮೇಲೆ ಮೆಗ್ನೀಸಿಯಂ ಬರೆದಿರುವುದೇ ಇಲ್ಲ. ಕಂಪನಿಗೆ ಮೇಲ್ ಹಾಕಿ ಕೇಳಿದರೆ ಕೊಡಬೇಕು. ಕೊಡದ ಕಂಪನಿಯ ಆಹಾರ ಈ ಬೆಕ್ಕಿಗೆ ಬೇಡ. ದರ ಹೋಲಿಸುವಾಗಲೂ ಪೌಚಿಗೆ ಎಷ್ಟು ಎಂದಲ್ಲ, 100 ಕ್ಯಾಲೊರಿಗೆ ಎಷ್ಟು ಎಂದು ನೋಡಿ.

ಬಿಡಿ ಡ್ರೈ ಫುಡ್ ವಿಚಾರಕ್ಕೆ ಬಂದರೆ, ಅದನ್ನು ಸುತರಾಂ ಬಿಡಿ. ದೊಡ್ಡ ಚೀಲ ಕೊಯ್ದು ಪ್ಲಾಸ್ಟಿಕ್ ಕವರಿಗೆ ಕಿಲೋ ಲೆಕ್ಕದಲ್ಲಿ ಹಾಕಿ ಮಾರುವ ಕಾಳಿಗೆ ಹೆಸರಿಲ್ಲ, ತಾರೀಖಿಲ್ಲ, ಅಂಶಗಳ ಪಟ್ಟಿ ಇಲ್ಲ. ಕೊಬ್ಬು ಸವರಿದ ಆಹಾರ ಅದು, ಚೀಲ ತೆರೆದೊಡನೆ ಗಾಳಿಗೆ ಕೆಡಲು ಶುರು. ವಿಜಯಪುರದ ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ, ಪತ್ರಾಸಿನ ಅಂಗಡಿಯೊಳಗೆ, ಅದು ಕಮಟು ಹಿಡಿಯಲು ಬಹಳ ದಿನ ಬೇಕಿಲ್ಲ. ಒಡೆಯದ ಸಣ್ಣ ಪ್ಯಾಕ್ ತನ್ನಿ, ಮೂಲ ಚೀಲದಲ್ಲೇ ಬಿಗಿಯಾಗಿ ಮಡಚಿ ಡಬ್ಬದೊಳಗಿಡಿ, ತೆರೆದ ಆರು ವಾರದೊಳಗೆ ಮುಗಿಸಿ.

ರೊಟ್ಟಿ-ಹಾಲಿನ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಕಡೆ ಬೆಕ್ಕು ಅಂದರೆ ರೊಟ್ಟಿ-ಹಾಲೇ. ಹಿಂದಿನ ಬೆಕ್ಕು ಅದರ ಮೇಲೆ ಇಲಿ, ಹಲ್ಲಿ, ಹಕ್ಕಿ ಹಿಡಿದು ತಿಂದು ಸರಿದೂಗಿಸಿಕೊಳ್ಳುತ್ತಿತ್ತು. ಮನೆಯೊಳಗೆ ಮಲಗಿರುವ ನಿಮ್ಮ ಬೆಕ್ಕಿಗೆ ಆ ದಾರಿ ಇಲ್ಲ. ಮಾಂಸ ತಿಂದ ಬೆಕ್ಕಿನ ಮೂತ್ರ ಆಮ್ಲೀಯ. ಧಾನ್ಯ ಹೆಚ್ಚಾದಷ್ಟೂ ಅದು ಕ್ಷಾರದ ಕಡೆ ವಾಲುತ್ತದೆ, ಸ್ಟ್ರುವೈಟ್ ಕಟ್ಟುವುದು ಕ್ಷಾರದಲ್ಲೇ. ಜೋಳದಲ್ಲಿ ಮೆಗ್ನೀಸಿಯಂ, ರಂಜಕವೂ ಸಾಕಷ್ಟಿವೆ. ಇನ್ನು ಹಾಲು. ಎಮ್ಮೆಯ ಗಟ್ಟಿ ಹಾಲು 100 ಮಿಲಿಗೆ ಸುಮಾರು 100 ಕ್ಯಾಲೊರಿ, ಅಂದರೆ ಒಂದು ಸಣ್ಣ ಬಟ್ಟಲಿನಲ್ಲಿ ದಿನದ ಊಟದ ಅರ್ಧದಷ್ಟು ಹೋಯಿತು. ನಿಮ್ಮ ಬೆಕ್ಕಿನ ಆ ಹೆಚ್ಚುವರಿ ಒಂದು ಕಿಲೋ ಎಲ್ಲಿಂದ ಬಂತು ಎಂದು ಬೇರೆ ಹುಡುಕಬೇಕಿಲ್ಲ. ದಪ್ಪ ಮೈಯೇ ಈ ಕಾಯಿಲೆಗೆ ಒಂದು ಕಾರಣ. ಆದರೆ ಒಮ್ಮೆಲೇ ಉಪವಾಸ ಕೆಡವಬೇಡಿ. ವಾರಕ್ಕೆ 50 ಗ್ರಾಂ ಇಳಿದರೆ ಸಾಕು.

ಸಸ್ಯಾಹಾರಿ ಮನೆಯ ಸಂಕಟ ಅರ್ಥವಾಗುತ್ತದೆ. ಪೌಚ್‌ನಲ್ಲಿ ಬೇಯಿಸುವ ಗೊಡವೆ ಇಲ್ಲ. ಅಡುಗೆಮನೆಗೆ ತರದೆ ಪಡಸಾಲೆಯಲ್ಲೋ ಹಿತ್ತಲಲ್ಲೋ ಬೇರೆ ತಟ್ಟೆ, ಬೇರೆ ಚಮಚ ಇಟ್ಟು ಕತ್ತರಿಸಿ ಹಾಕಿದರೆ ಆಯಿತು. ಸಸ್ಯಾಹಾರಿ ಕ್ಯಾಟ್ ಫುಡ್ ಹುಡುಕಲು ಹೋಗಬೇಡಿ, ಈ ಬೆಕ್ಕಿಗೆ ಅದು ತೀರ ಒಗ್ಗದ್ದು. ಯಾರಾದರೂ "ಚಿಕನ್ ಬೇಯಿಸಿ ಹಾಕ್ರಿ, ಅದೇ ಚಲೋ" ಅಂದರೂ ಬರೀ ಚಿಕನ್ ಪೂರ್ಣ ಆಹಾರವಲ್ಲ. ಅದರಲ್ಲಿ ರಂಜಕವಿದೆ, ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಯಿಸಿದ ನೀರು ಚೆಲ್ಲಿದರೆ ಟಾರಿನ್ ಎಂಬ, ಬೆಕ್ಕಿಗೆ ಬೇಕೇ ಬೇಕಾದ ಪೋಷಕಾಂಶವೂ ಹೋಗುತ್ತದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂಬುದು 1987ರಲ್ಲೇ ಸಾಬೀತಾಗಿದೆ. ಮಾರುಕಟ್ಟೆಯ ಒಣಮೀನು, ಒಣಸಿಗಡಿ ಉಪ್ಪು ಮತ್ತು ಖನಿಜದ ಗಂಟು. ಅವಂತೂ ಬೇಡವೇ ಬೇಡ.

ಮನೆಮದ್ದಿನಲ್ಲಿ ಒಂದನ್ನು ಒತ್ತಿ ಹೇಳಬೇಕು. ಉರಿಮೂತ್ರಕ್ಕೆ ಮನುಷ್ಯರು ಕುಡಿಯುವ ಸಿಟ್ರೇಟ್ ಸಿರಪ್ಪನ್ನು ಬೆಕ್ಕಿಗೂ ಹನಿ ಹನಿ ಹಾಕುವವರಿದ್ದಾರೆ. ಆ ಸಿರಪ್‌ನ ಕೆಲಸವೇ ಮೂತ್ರವನ್ನು ಕ್ಷಾರ ಮಾಡುವುದು. ಸ್ಟ್ರುವೈಟ್ ಬೆಕ್ಕಿಗೆ ಅದು ನೇರ ವಿರುದ್ಧ. ಪೊಟ್ಯಾಸಿಯಂ ಸಿಟ್ರೇಟ್ ಆದರಂತೂ ಮೂತ್ರ ಕಟ್ಟಿದ ಬೆಕ್ಕಿನ ರಕ್ತಕ್ಕೆ ಇನ್ನಷ್ಟು ಪೊಟ್ಯಾಸಿಯಂ ಸುರಿದಂತೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಮನುಷ್ಯರ ಮೂತ್ರಕಲ್ಲಿಗೆ ಬಳಕೆಯಲ್ಲಿರುವಂಥವು. ಮನುಷ್ಯರ ಕಲ್ಲು ಬಹುಪಾಲು ಆಕ್ಸಲೇಟ್ ಜಾತಿಯದು, ಬೆಕ್ಕಿಗೆ ಬಂದಿರುವುದು ಬೇರೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದು ಬೆಕ್ಕಿಗೆ ವಿಷ ಕೊಟ್ಟ ಹಾಗೆ.

ಬೋರ್‌ವೆಲ್ ನೀರು ಗಡಸು ನಿಜ, ಪಾತ್ರೆಗೆ ಬಿಳಿ ಕಟ್ಟುವುದನ್ನು ನೋಡಿ ಅದೇ ಬೆಕ್ಕಿನ ಮೂತ್ರದಲ್ಲೂ ಕಟ್ಟಿತೆಂದು ಅನ್ನಿಸುವುದು ಸಹಜ. ಆದರೆ ಬೆಕ್ಕಿನ ಹೊಟ್ಟೆ ಸೇರುವ ಖನಿಜದ ಬಹುಪಾಲು ಆಹಾರದ್ದು, ಕುಡಿಯುವ ನೀರಿನ ಪಾಲು ಸಣ್ಣದು. ನೀರು ಬದಲಿಸಿದ್ದರಿಂದಲೇ ಕಾಯಿಲೆ ನಿಲ್ಲುತ್ತದೆ ಎಂದು ನಂಬಬೇಡಿ. ಸವುಳು ರುಚಿಗೆ ಮೂತಿ ತಿರುಗಿಸಿ ಕಡಿಮೆ ಕುಡಿಯುತ್ತಿದ್ದರೆ ಮಾತ್ರ ನೀವು ಕುಡಿಯುವ ಘಟಕದ ನೀರನ್ನೇ ಇಡಿ. ಅಗಲ ಬಾಯಿಯ ಸ್ಟೀಲ್ ಅಥವಾ ಪಿಂಗಾಣಿ ಬಟ್ಟಲು, ಮನೆಯ ಎರಡು-ಮೂರು ಕಡೆ, ಊಟದ ತಟ್ಟೆಯಿಂದ ದೂರ. ಬೇಸಿಗೆಯಲ್ಲಿ ಎರಡು ಹೊತ್ತು ಬದಲಿಸಿ.

ಕಾಳಿಗೆ ಒಗ್ಗಿದ ಬೆಕ್ಕು ಪೌಚನ್ನು ಮೊದಲ ದಿನವೇ ಮುಟ್ಟುವುದಿಲ್ಲ, ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ. ದಿನವಿಡೀ ತುಂಬಿರುವ ಬಟ್ಟಲನ್ನು ತೆಗೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಇಟ್ಟು ಅರ್ಧ ಗಂಟೆಗೆ ಎತ್ತಿಬಿಡಿ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧ, ಆಮೇಲೆ ಮುಕ್ಕಾಲು, ವಾರ-ಹತ್ತು ದಿನಕ್ಕೆ ಪೂರ್ತಿ. ಹಟಮಾರಿಗೆ ಮೂರು ವಾರವೂ ಹಿಡಿಯಬಹುದು. ಪೌಚನ್ನು ತೆರೆಯದೆ ಬಿಸಿನೀರಿನ ಪಾತ್ರೆಯಲ್ಲಿ ಎರಡು ನಿಮಿಷ ಇಟ್ಟರೆ ಉಗುರುಬೆಚ್ಚಗಾಗಿ ವಾಸನೆ ಏಳುತ್ತದೆ, ಬೆಕ್ಕಿಗೆ ರುಚಿಗಿಂತ ಮೊದಲು ವಾಸನೆ. ನೀರನ್ನು ಒಂದು ಸಣ್ಣ ಚಮಚದಿಂದ ಶುರುಮಾಡಿ ದಿನಕ್ಕಿಷ್ಟು ಏರಿಸಿ. ಮೊದಲೇ ಸಾರಿನ ಹಾಗೆ ಮಾಡಿದರೆ ಮೂಸಿ ಹೋಗುತ್ತದೆ. "ಹಸಿವಾದ್ರ ತಾನs ತಿಂತದ" ಎಂಬ ಮಾತು ನಾಯಿಗೆ ಸರಿ ಇರಬಹುದು, ದಪ್ಪ ಬೆಕ್ಕಿಗಲ್ಲ. ಎರಡು-ಮೂರು ದಿನ ಖಾಲಿ ಹೊಟ್ಟೆಯಲ್ಲಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗಿ ಪ್ರಾಣಕ್ಕೇ ಬರುತ್ತದೆ. ಒಂದು ದಿನ ಪೂರ್ತಿ ತಿನ್ನದಿದ್ದರೆ ಹಿಂದಿನ ಹಂತಕ್ಕೆ ಮರಳಿ, ಡಾಕ್ಟರಿಗೂ ಹೇಳಿ. ತೆರೆದ ಪೌಚ್ ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಎರಡು ದಿನ, ನಮ್ಮ ಬೇಸಿಗೆಯಲ್ಲಿ ಹೊರಗೆ ಅರ್ಧ ಗಂಟೆ ಮಾತ್ರ.

ಫಲ ಕಾಣುತ್ತಿದೆಯೇ ಎಂಬುದನ್ನು ಉಸುಕಿನಲ್ಲೇ ನೋಡಬಹುದು. ಮೂತ್ರ ತಾಗಿ ಉಸುಕು ಕಟ್ಟುವ ದೊಡ್ಡ ಗಟ್ಟಿಗಳು ದಿನಕ್ಕೆ ಎರಡರಿಂದ ನಾಲ್ಕು ಇದ್ದರೆ ಸರಿ. ಗಟ್ಟಿ ಚಿಕ್ಕದಾಗಿ ಸಂಖ್ಯೆ ಹೆಚ್ಚಾದರೆ ತೊಂದರೆಯ ಸುಳಿವು. ತಿಂಗಳಿಗೊಮ್ಮೆ ತಾಜಾ ಮೂತ್ರದ ಸಾಂದ್ರತೆಯನ್ನು (ನೀರು 1.000 ಎಂದಿಟ್ಟುಕೊಂಡರೆ ಮೂತ್ರ ಎಷ್ಟು ಗಟ್ಟಿ ಎಂಬುದನ್ನು) ಡಾಕ್ಟರಲ್ಲಿ ನೋಡಿಸಿ. ಡ್ರೈ ಫುಡ್ ಬೆಕ್ಕಿನಲ್ಲಿ 1.050 ದಾಟುವುದು ಮಾಮೂಲು, ನಿಮ್ಮ ಗುರಿ 1.030ಕ್ಕಿಂತ ಕೆಳಗೆ. ಕಲ್ಲು ಇದ್ದದ್ದೇ ಆದರೆ ನಾಲ್ಕು ವಾರಕ್ಕೆ ಎಕ್ಸ್‌ರೇ, ಅದು ಕಾಣದಾದ ಮೇಲೂ ಎರಡರಿಂದ ನಾಲ್ಕು ವಾರ ಅದೇ ಆಹಾರ. ನಾಲ್ಕು ವಾರಕ್ಕೂ ಕಲ್ಲು ಒಂದಿಷ್ಟೂ ಕರಗಿಲ್ಲವೆಂದರೆ ಒಂದೋ ಅದು ಸ್ಟ್ರುವೈಟ್ ಅಲ್ಲ, ಇಲ್ಲವೇ ಮನೆಯಲ್ಲಿ ಯಾರೋ ಕದ್ದು ಹಾಲು ಹಾಕುತ್ತಿದ್ದಾರೆ.

ಕೊನೆಯದಾಗಿ ಮರಿ. ಅದಕ್ಕೆ ಯುರಿನರಿ ಆಹಾರ ಬೇಡ. ವರ್ಷ ತುಂಬುವವರೆಗೆ ಮೂಳೆ ಬೆಳೆಯಲು ಆ ಖನಿಜಗಳೇ ಬೇಕು, ಹುಳಿ ಹೆಚ್ಚಿದ ಆಹಾರ ಬೆಳವಣಿಗೆಗೆ ಒಳ್ಳೆಯದಲ್ಲ. ಕಿಟನ್ ಫುಡ್ ಕೊಡಿ, ಆದರೆ ಗಂಡು ಬೆಕ್ಕು ಅದನ್ನು ಮುಟ್ಟದಂತೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ. ಊಟಕ್ಕೆ ಹೊತ್ತು ನಿಗದಿ ಮಾಡಿದ್ದು ಇಲ್ಲೂ ಅನುಕೂಲಕ್ಕೆ ಬರುತ್ತದೆ. ಮತ್ತು ಈ ಮರಿ ಮನೆಗೆ ಬಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ದಕ್ಕೆ ಸ್ವಲ್ಪ ಮುಂಚೆ ಎಂದಾದರೆ, ಪಾಲು ಕೇಳಲು ಬಂದ ಹೊಸಬಳೇ ಒತ್ತಡದ ಮೂಲ ಇದ್ದೀತು. ಎರಡು ಬೆಕ್ಕಿಗೆ ಮೂರು ಉಸುಕಿನ ಟ್ರೇ ಇಡಿ, ಒಂದರ ಪಕ್ಕ ಒಂದಲ್ಲ, ಬೇರೆ ಬೇರೆ ಮೂಲೆಯಲ್ಲಿ. ಗಂಡಿಗೆ ಹತ್ತಿ ಕೂರಲು ಮರಿ ತಲುಪದ ಒಂದು ಎತ್ತರದ ಜಾಗವನ್ನೂ ಬಿಟ್ಟುಕೊಡಿ.